ಸೋರುವ ಬದು: ಬೆಂಗಳೂರು ಎಫ್‌ಸಿ ರಕ್ಷಣೆಯ ಲೆಕ್ಕ

2024ರ ಅಕ್ಟೋಬರ್ 25, ಶುಕ್ರವಾರ. ಕಿತ್ತೂರು ಉತ್ಸವದ ಕೊನೆಯ ದಿನ. ರಾಣಿ ಚೆನ್ನಮ್ಮನ ಪಡೆ ಬ್ರಿಟಿಷ್ ಅಧಿಕಾರಿ ಥ್ಯಾಕರೆಯನ್ನು ಕೆಡವಿ ಇನ್ನೂರು ವರ್ಷ ತುಂಬಿದ ಉತ್ಸವ, ಹಾಗಾಗಿ ಜನವೋ ಜನ. ಕತ್ತಲಾದ ಮೇಲೆ ಹೇಗೋ ಬೈಲಹೊಂಗಲ ಸೇರಿ, ಅಲ್ಲಿಂದ ಯರಗಟ್ಟಿಯ ಬಸ್ಸಿನಲ್ಲಿ ಒಂದು ಸೀಟು ಗಿಟ್ಟಿಸಿಕೊಂಡು ಮೊಬೈಲ್ ತೆಗೆದೆ. ಕೊಚ್ಚಿಯಲ್ಲಿ ಕೇರಳ ಬ್ಲಾಸ್ಟರ್ಸ್ ಮತ್ತು ಬೆಂಗಳೂರು ಎಫ್‌ಸಿ ಪಂದ್ಯ ನಡೆದಿತ್ತು. ಪಕ್ಕದಲ್ಲಿ ನಮ್ಮೂರಿನ ನಿವೃತ್ತ ಪಿ.ಟಿ. ಮಾಸ್ತರರು. ಅರ್ಧ ಆಯುಷ್ಯ ಕಬಡ್ಡಿ ಅಂಕಣದಲ್ಲೇ ಕಳೆದವರು. ಫುಟ್‌ಬಾಲ್ ಅವರಿಗೆ ಬೇರೆಯವರ ಮನೆಯ ಆಟವೇ, ಆದರೆ ಯಾವ ಆಟವಾದರೂ ಹಿಡಿಯುವವರ ಕಡೆಗೇ ಅವರ ಕಣ್ಣು.

‘ಐದು ಮ್ಯಾಚ್ ಆತ್ರಿ ಸರ, ಒಂದು ಗೋಲೂ ಬಿಟ್ಟಿಲ್ಲ ಇವರು,’ ಅಂದೆ, ನಾನೇ ತಡೆದು ನಿಲ್ಲಿಸಿದ ಹಾಗೆ.

‘ಮಿರಗದ ಜಿಟಿಜಿಟಿ ಮಳಿಗೆ ನಿಂತ ಬದು ಹಸ್ತಿ ಮಳಿಗೆ ನಿಲ್ಲತೈತೇನೋ ತಮ್ಮಾ? ಒಡ್ಡು ನೋಡೂಕಿಂತ ಮೊದಲ ಮಳಿ ಯಾವುದಂತ ನೋಡು.’

ವಿರಾಮಕ್ಕೆ ಸ್ವಲ್ಪ ಮುಂಚೆ ಬ್ಲಾಸ್ಟರ್ಸ್‌ಗೆ ಪೆನಾಲ್ಟಿ ಸಿಕ್ಕಿತು. ಖೆಸುಸ್ ಹಿಮೆನೆಸ್ ಚೆಂಡನ್ನು ಬಲೆಗೆ ಹಾಕಿದ. ಆ ಋತುವಿನಲ್ಲಿ ಬೆಂಗಳೂರು ಹೊಡೆಸಿಕೊಂಡ ಮೊದಲ ಗೋಲು ಅದು. ಪಂದ್ಯವನ್ನೇನೋ ಬೆಂಗಳೂರು 3–1ರಿಂದ ಗೆದ್ದಿತು, ನಾನು ಮಾಸ್ತರರ ಮುಂದೆ ಮತ್ತೊಮ್ಮೆ ಎದೆ ಸೆಟೆಸಿದೆ. ಮುಂದಿನ ಮೂರು ತಿಂಗಳು ಅವರ ಮುಂದೆ ಹಾಗೆ ಸೆಟೆಸುವ ಸಂದರ್ಭ ಬರಲಿಲ್ಲ.

ಒಂದು ವೃತ್ತಿಪರ ತಂಡದ ರಕ್ಷಣೆಯನ್ನು ಋತುವಿನ ನಡುವೆ ಅಳೆಯುವುದು ಹೇಗೆ ಎಂಬ ಪ್ರಶ್ನೆ ನನಗೆ ಹತ್ತಿಕೊಂಡದ್ದು ಆ ಮೂರು ತಿಂಗಳಲ್ಲಿ. ಯರಗಟ್ಟಿಯಲ್ಲಿ ಕೂತವನಿಗೆ ಈ ಉಸಾಬರಿ ಯಾಕೆ ಎಂದು ಯಾರಾದರೂ ಕೇಳಬಹುದು. ಕಂಠೀರವ ಕ್ರೀಡಾಂಗಣಕ್ಕೆ ಇಲ್ಲಿಂದ ರಾತ್ರಿಯಿಡೀ ಬಸ್ಸು. ಎಫ್‌ಸಿ ಗೋವಾ ಆಡುವ ಮಡಗಾಂವಿನ ಫತೋರ್ಡಾಕ್ಕೆ ಅದರ ಅರ್ಧ ದಾರಿಯೂ ಇಲ್ಲ. ಬೆಳಗಾವಿ ಕಡೆಯ ಹುಡುಗರಲ್ಲಿ ಗೋವಾ ತಂಡದ ಅಭಿಮಾನಿಗಳು ಸಿಕ್ಕರೆ ತಪ್ಪೇನಲ್ಲ. ಆದರೂ ರಾಜ್ಯಕ್ಕೆ ಇರುವುದು ಇದೊಂದೇ ಇಂಡಿಯನ್ ಸೂಪರ್ ಲೀಗ್ ತಂಡ. ಅದರ ಎಳೆಯರ ವಸತಿ ಅಕಾಡೆಮಿ ನಡೆದದ್ದೂ ಬಳ್ಳಾರಿ ಸೀಮೆಯ ವಿಜಯನಗರದಲ್ಲಿ, ನಮ್ಮ ಹಾಗೆಯೇ ಬಿಸಿಲು ತಿಂದ ನೆಲದಲ್ಲಿ. ಹೊಟ್ಟೆಯುರಿಗೆ ಇಷ್ಟು ನಂಟು ಸಾಕು.

ಮೊದಲು ಆ ಋತುವಿನ ಲೆಕ್ಕ. 2024–25ರ ಲೀಗ್ ಹಂತದಲ್ಲಿ ಬೆಂಗಳೂರು 24 ಪಂದ್ಯ ಆಡಿತು. 11 ಗೆಲುವು, 5 ಸಮ, 8 ಸೋಲು, 38 ಅಂಕ, ಮೂರನೆಯ ಸ್ಥಾನ. ಹೊಡೆದದ್ದು 40 ಗೋಲು, ಹೊಡೆಸಿಕೊಂಡದ್ದು 31. ಪಟ್ಟಿಯಲ್ಲಿ ಇಷ್ಟೇ ಕಾಣುತ್ತದೆ. ಪಂದ್ಯಕ್ಕೆ ಒಂದೂಕಾಲು ಗೋಲು ಚಿಲ್ಲರೆ, ನಡುಮಟ್ಟದ ರಕ್ಷಣೆ ಎಂದು ಷರಾ ಬರೆದು ಮುಂದೆ ಹೋಗಬಹುದು.

ಆದರೆ ಆ 31 ಗೋಲುಗಳನ್ನು ಪಂದ್ಯದ ಸಾಲಿಗೆ ಹರವಿ ನೋಡಿದರೆ ಬೇರೆಯೇ ಚಿತ್ರ. ಮೊದಲ ಆರು ಪಂದ್ಯಗಳಲ್ಲಿ ಒಂದು ಗೋಲು, ಅದೂ ಪೆನಾಲ್ಟಿ. ಏಳನೆಯದರಿಂದ ಹತ್ತೊಂಬತ್ತನೆಯ ಪಂದ್ಯದವರೆಗೆ, ಅಂದರೆ ಹದಿಮೂರು ಪಂದ್ಯಗಳಲ್ಲಿ, 27. ಆಮೇಲೆ ಜಮ್‌ಶೆಡ್‌ಪುರ, ನಾರ್ತ್‌ಈಸ್ಟ್, ಚೆನ್ನೈಯಿನ್ ವಿರುದ್ಧ ಸತತ ಮೂರು ಪಂದ್ಯ ಒಂದೂ ಇಲ್ಲ. ಕೊನೆಯ ಎರಡರಲ್ಲಿ ಮೂರು. ಕೊಚ್ಚಿಯ ಆ ರಾತ್ರಿಯಿಂದ ಫೆಬ್ರವರಿ ಮೊದಲ ವಾರದವರೆಗೆ ಹದಿನಾಲ್ಕು ಪಂದ್ಯ ಸತತವಾಗಿ ಬೆಂಗಳೂರಿನ ಬಲೆ ಅಲುಗಾಡಿತು. ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು, ರಾಹುಲ್ ಭೇಕೆ, ಚಿಂಗ್ಲೆನ್‌ಸನಾ ಸಿಂಗ್, ರೋಷನ್ ಸಿಂಗ್, ನಿಖಿಲ್ ಪೂಜಾರಿ, ಆಸ್ಟ್ರೇಲಿಯಾದ ಯೊವಾನೊವಿಚ್ – ಹೆಚ್ಚುಕಡಿಮೆ ಅದೇ ಬಳಗ. ಕೋಚ್ ಗೆರಾರ್ಡ್ ಸರಗೋಸಾ ಕೂಡ ಅವರೇ. ಅಕ್ಟೋಬರಿನಲ್ಲಿ ಕೇಳಿದ್ದರೆ ಇದು ದೇಶದ ಅತಿ ಗಟ್ಟಿ ರಕ್ಷಣೆ, ಫೆಬ್ರವರಿ ಮೊದಲ ವಾರ ಕೇಳಿದ್ದರೆ ಜರಡಿ, ಆ ತಿಂಗಳ ಕೊನೆಗೆ ಕೇಳಿದ್ದರೆ ಮತ್ತೆ ಗಟ್ಟಿ. ಯಾವ ಉತ್ತರ ಸರಿ?

ಮಾಸ್ತರರ ಮಳೆಯ ಪ್ರಶ್ನೆಯಿಂದ ಶುರು ಮಾಡೋಣ. ಮೊದಲ ಆರು ಪಂದ್ಯಗಳಲ್ಲಿ ನಾಲ್ಕು ಬೆಂಗಳೂರಿನ ಮನೆಯಂಗಳದಲ್ಲಿ ನಡೆದವು. ಮೊದಲ ಎದುರಾಳಿ ಈಸ್ಟ್ ಬೆಂಗಾಲ್ ಆ ಋತುವಿನ ಆರಂಭದ ಆರೂ ಪಂದ್ಯ ಸೋತ ತಂಡ. ಎರಡನೆಯದು ಹೈದರಾಬಾದ್, ದುಡ್ಡಿನ ಬಿಕ್ಕಟ್ಟಿನಲ್ಲಿ ಕೊನೆಗಳಿಗೆಗೆ ತಂಡ ಕಟ್ಟಿಕೊಂಡು ಬಂದಿತ್ತು. ಇವೆಲ್ಲ ಮಿರಗದ ಮಳೆ. ಆದರೆ ಮೂರನೆಯ ಪಂದ್ಯದಲ್ಲಿ ಮೋಹನ್ ಬಗಾನನ್ನು 3–0ರಿಂದ ಮಣಿಸಿದ್ದನ್ನು ಹಾಗೆನ್ನಲು ಬಾಯಿ ಬರುವುದಿಲ್ಲ. ಆ ವರ್ಷದ ಚಾಂಪಿಯನ್ ತಂಡ ಅದು, 24 ಪಂದ್ಯಗಳಲ್ಲಿ ಹೊಡೆಸಿಕೊಂಡದ್ದು ಬರೀ 16 ಗೋಲು. ಅದರಲ್ಲಿ ಮೂರು ಆ ಒಂದೇ ರಾತ್ರಿ ಕಂಠೀರವದಲ್ಲಿ. ಮುಂಬೈಗೆ ಹೋಗಿ 0–0 ಸಮ ಮಾಡಿಕೊಂಡದ್ದೂ, ಪಂಜಾಬ್ ವಿರುದ್ಧ ಹತ್ತೇ ಜನ ಉಳಿದಾಗಲೂ 1–0 ಕಾಯ್ದುಕೊಂಡದ್ದೂ ಸುಮ್ಮನೆ ಒದಗಿದ ಭಾಗ್ಯವಲ್ಲ. ಅಂದರೆ ಬದು ನಿಜವಾಗಿಯೂ ಕಟ್ಟಿತ್ತು. ಎಲ್ಲಿ ಇಲಿ ಬಿಲ ತೋಡುತ್ತಿತ್ತು ಎಂಬುದು ಮಾತ್ರ ಕಾಣುತ್ತಿರಲಿಲ್ಲ.

ನವೆಂಬರ್ 2ರಂದು ಫತೋರ್ಡಾದಲ್ಲಿ ಗೋವಾ ವಿರುದ್ಧ ವಿರಾಮದವರೆಗೆ 0–0. ಮುಗಿದಾಗ 0–3. ಡಿಸೆಂಬರ್ 1ರಂದು ಒಡಿಶಾ ವಿರುದ್ಧ 2–4. ಕಿತ್ತೂರಿನ ಕೋಟೆ ಅಕ್ಟೋಬರಿನಲ್ಲಿ ಗೆದ್ದು ಡಿಸೆಂಬರಿನ ಮೊದಲ ವಾರದಲ್ಲಿ ಬಿದ್ದದ್ದು. ಇತಿಹಾಸಕ್ಕೂ ಫುಟ್‌ಬಾಲಿಗೂ ಗಂಟು ಹಾಕುವ ಚಟ ನನಗಿಲ್ಲ, ಆದರೂ ಆ ವಾರ ಕ್ಯಾಲೆಂಡರ್ ನೋಡಿ ಒಳಗೊಳಗೇ ಚುರುಕ್ ಎಂದದ್ದು ಸುಳ್ಳಲ್ಲ.

ಸೋರಿಕೆ ಶುರುವಾದ ಮೇಲೆ ಅದರಲ್ಲೊಂದು ಜಾಡು ಕಂಡಿತು. ಡಿಸೆಂಬರ್ 7ರಂದು ಕೇರಳದ ವಿರುದ್ಧ ತವರಿನಲ್ಲಿ 2–0 ಮುನ್ನಡೆ, ನೋಡನೋಡುತ್ತ 2–2 ಆಯಿತು. ಸುನಿಲ್ ಚೆಟ್ರಿ ನಲವತ್ತರ ವಯಸ್ಸಿನಲ್ಲಿ ಹ್ಯಾಟ್ರಿಕ್ ಹೊಡೆದು 4–2 ಮಾಡಿದ್ದರಿಂದ ಯಾರೂ ಆ ನಡುವಿನ ಕಾಲು ಗಂಟೆಯ ಸುದ್ದಿ ಎತ್ತಲಿಲ್ಲ. ಜನವರಿ 4ರಂದು ಜಮ್‌ಶೆಡ್‌ಪುರದಲ್ಲಿ ಮುಂದಿದ್ದು 1–2 ಸೋಲು. ಜನವರಿ 11ರಂದು ಹೊಸದಾಗಿ ಲೀಗಿಗೆ ಬಂದ ಮೊಹಮ್ಮಡನ್ ತಂಡಕ್ಕೆ ತವರಿನಲ್ಲೇ 0–1. ಗೋಲು ಬಿದ್ದದ್ದು 88ನೆಯ ನಿಮಿಷ, ಕಾಸಿಮೋವ್ ಹೊಡೆದ ಫ್ರೀಕಿಕ್. ಜನವರಿ 22ರಂದು ಒಡಿಶಾ ವಿರುದ್ಧ ಕಾಲು ಗಂಟೆಯೊಳಗೆ 2–0 ಮುಂದೆ, ಕೊನೆಗೆ 2–3. ಇನ್ನೊಂದು 2–3 ಸೋಲು ಪಂಜಾಬ್ ವಿರುದ್ಧ.

ಮುಂದಿರುವಾಗ ಹೊಡೆಸಿಕೊಳ್ಳುವ ರಕ್ಷಣೆಯ ಕಾಯಿಲೆ ಬೇರೆ, 0–0 ಇರುವಾಗ ಹೊಡೆಸಿಕೊಳ್ಳುವುದರ ಕಾಯಿಲೆ ಬೇರೆ. ಎರಡನೆಯದು ಬಲದ ಕೊರತೆ ಇರಬಹುದು. ಮೊದಲನೆಯದು ಬಹಳ ಸಲ ಮುಂದಿನವರ ತಪ್ಪು. ಎರಡು ಗೋಲು ಮುಂದಿದ್ದ ತಂಡ ಚೆಂಡನ್ನು ಕಾಲಲ್ಲಿಟ್ಟು ಕಾಲ ಕಳೆಯಬೇಕು; ಇಲ್ಲವೇ ಇಡೀ ತಂಡ ಹಿಂದೆ ಬಂದು ಒತ್ತಾಗಿ ನಿಲ್ಲಬೇಕು. ಎರಡೂ ಮಾಡದೆ ಮುಂದಿನ ನಾಲ್ವರು ಮೂರನೆಯ ಗೋಲಿಗೆ ಓಡುತ್ತ, ಹಿಂದಿನ ನಾಲ್ವರು ತಮ್ಮ ಗೋಲಿನ ಕಡೆ ಸರಿಯುತ್ತ ಹೋದರೆ ನಡುವೆ ಒಂದು ಹೊಲದಷ್ಟು ಜಾಗ ಬಿಡುತ್ತದೆ. ಎದುರಾಳಿಯ ಮಿಡ್‌ಫೀಲ್ಡರ್ ಆ ಹೊಲದಲ್ಲಿ ನಿಂತು, ತಲೆಯೆತ್ತಿ, ಯಾರಿಗೆ ಕೊಡಲಿ ಎಂದು ಯೋಚಿಸುವಷ್ಟು ಪುರುಸೊತ್ತು ಪಡೆದರೆ ಭೇಕೆಯೇ ಇರಲಿ, ಮಾಲ್ಡಿನಿಯೇ ಇರಲಿ, ಏನು ಮಾಡಿಯಾರು?

ಇಲ್ಲಿ ಕಬಡ್ಡಿಯವರಿಗೆ ಇರುವ ಒಂದು ಅನುಕೂಲ ಫುಟ್‌ಬಾಲಿನವರಿಗೆ ಇಲ್ಲ. ಕಬಡ್ಡಿಯಲ್ಲಿ ಹಿಡಿದವನಿಗೂ ಅಂಕ. ಎಡ ಕಾರ್ನರಿನವನು ರೇಡರನ ಕಣಕಾಲು ಹಿಡಿದರೆ, ಕವರಿನವನು ಮೇಲೆ ಬಿದ್ದರೆ, ಫಲಕದ ಮೇಲೆ ಅದು ಕೂಡಲೇ ಏರುತ್ತದೆ. ಮೂವರೇ ಉಳಿದಾಗ ಹಿಡಿದರೆ ಸೂಪರ್ ಟ್ಯಾಕಲ್, ಎರಡು ಅಂಕ. ನಮ್ಮ ಕಡೆ ಜಾತ್ರೆಯ ಪಂದ್ಯಗಳಲ್ಲಿ ರೇಡರನಿಗಿಂತ ಹಿಡಿಯುವವನ ಹೆಸರೇ ಊರೂರು ಸುತ್ತುವುದುಂಟು. ಫುಟ್‌ಬಾಲಿನಲ್ಲಿ ರಕ್ಷಕ ತೊಂಬತ್ತು ನಿಮಿಷ ಸರಿಯಾಗಿ ನಿಂತರೆ ಫಲಕದ ಮೇಲೆ ಬರುವುದು ಸೊನ್ನೆ. ಒಂದು ಸಲ ತಪ್ಪಿದರೆ ಒಂದು. ಅವನ ಕೆಲಸಕ್ಕೆ ಜಮೆಯ ಕಾಲಮ್ಮೇ ಇಲ್ಲ, ಖರ್ಚಿನದು ಮಾತ್ರ ಇದೆ. ಹೀಗಾಗಿ ಲೆಕ್ಕ ಇಡುವವರೆಲ್ಲ ಆ ಸೊನ್ನೆಯೊಳಗೆ ಏನಿದೆ ಎಂದು ಅಗೆಯುತ್ತ ಬಂದಿದ್ದಾರೆ.

ಹಳೆಯ ಅಳತೆ ಎಂದರೆ ಹೊಡೆಸಿಕೊಂಡ ಗೋಲು, ಗೋಲು ಬಿಡದ ಪಂದ್ಯ ಎಷ್ಟು ಎಂಬುದು. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಚೆಲ್ಸಿ 2004–05ರ 38 ಪಂದ್ಯಗಳಲ್ಲಿ 15 ಗೋಲು ಮಾತ್ರ ಬಿಟ್ಟಿತು ಎಂದಾಗ ಬೇರೆ ವಿವರಣೆ ಬೇಕಿಲ್ಲ. ಇಡೀ ಋತು ಮುಗಿದ ಮೇಲೆ ಈ ಅಳತೆ ಸಾಕಷ್ಟು ನಂಬಿಕಸ್ಥ. ಆರು ಪಂದ್ಯಕ್ಕೆ ಅಲ್ಲ. ಹೊಸಬರು ಬೇರೆ ದಾರಿ ಹಿಡಿದಿದ್ದಾರೆ. ಎದುರಾಳಿ ಎಲ್ಲಿಂದ, ಯಾವ ಕೋನದಿಂದ, ಎಷ್ಟು ಜನ ಅಡ್ಡ ಇರುವಾಗ ಚೆಂಡು ಹೊಡೆದ ಎಂಬುದನ್ನೆಲ್ಲ ಹಿಡಿದು, ಅಂಥ ಹೊಡೆತ ಸಾಮಾನ್ಯವಾಗಿ ನೂರಕ್ಕೆ ಎಷ್ಟು ಸಲ ಗೋಲಾಗುತ್ತದೆ ಎಂದು ಬೆಲೆ ಕಟ್ಟುತ್ತಾರೆ. ‘ನಿರೀಕ್ಷಿತ ಗೋಲು’ ಎಂದರೆ ಇದೇ. ಮೂವತ್ತು ಗಜದಿಂದ ಹತ್ತು ಹೊಡೆತ ಬಿಟ್ಟ ರಕ್ಷಣೆಗಿಂತ ಆರು ಗಜದಿಂದ ಎರಡು ಹೊಡೆತ ಬಿಟ್ಟದ್ದು ಕೆಟ್ಟದ್ದು ಎಂದು ಇದು ಹೇಳುತ್ತದೆ. ಇನ್ನೊಂದು ಅಳತೆ, ತಾನು ಒಂದು ಸಲ ಅಡ್ಡಿಪಡಿಸುವ ಮುನ್ನ ಎದುರಾಳಿಗೆ ಎಷ್ಟು ಪಾಸ್ ಆಡಲು ತಂಡ ಬಿಡುತ್ತದೆ ಎಂಬುದು. ಹಿಂದಿನ ನಾಲ್ವರಿಗಿಂತ ಮುಂದಿನ ಮೂವರ ಬೆವರನ್ನೇ ಇದು ಅಳೆಯುವುದು, ಆದ್ದರಿಂದ ನನಗೆ ಇದರ ಮೇಲೆ ಹೆಚ್ಚು ಪ್ರೀತಿ. ಮಿಲಾನಿನಲ್ಲಿ ಅರಿಗೊ ಸಾಕಿ ಚೆಂಡೇ ಇಲ್ಲದೆ ಇಡೀ ತಂಡವನ್ನು ಸಾಲುಸಾಲಾಗಿ ಹಿಂದೆ ಮುಂದೆ ನಡೆಸಿ ಅಭ್ಯಾಸ ಮಾಡಿಸುತ್ತಿದ್ದರು. ರಕ್ಷಣೆ ಎಂದರೆ ಹನ್ನೊಂದು ಜನರ ನಡುವಿನ ಅಂತರ ಎಂದು ಅವರು ಎಂಬತ್ತರ ದಶಕದಲ್ಲೇ ನಂಬಿದ್ದರು.

ಇಷ್ಟೆಲ್ಲ ಅಳತೆಪಟ್ಟಿ ಹಿಡಿದು ಬೆಂಗಳೂರಿನ ಹಿಂದಿನ ವರ್ಷಗಳನ್ನು ಅಳೆಯಲು ಹೋದರೆ ಮೊದಲ ಹೆಜ್ಜೆಗೇ ಕಾಲು ಜಾರುತ್ತದೆ. ಲೀಗ್ ಹಂತದ ಅಂಕಿಗಳನ್ನೇ ನೋಡಿ. 2017–18ರಲ್ಲಿ, ಸೂಪರ್ ಲೀಗಿಗೆ ಕಾಲಿಟ್ಟ ವರ್ಷ, 18 ಪಂದ್ಯಕ್ಕೆ 16 ಗೋಲು. ಪಟ್ಟಿಯಲ್ಲಿ ಮೊದಲ ಸ್ಥಾನ, ಆದರೆ ಫೈನಲ್ ಸೋಲು. 2018–19ರಲ್ಲಿ ಅಷ್ಟೇ ಪಂದ್ಯಕ್ಕೆ 22, ರಕ್ಷಣೆ ಹಿಂದಿನ ವರ್ಷಕ್ಕಿಂತ ಸಡಿಲ. ಆದರೆ ಪ್ರಶಸ್ತಿ ಬಂದದ್ದು ಆ ವರ್ಷವೇ. 2019–20ರಲ್ಲಿ 18 ಪಂದ್ಯಕ್ಕೆ ಬರೀ 13. ಗುರುಪ್ರೀತ್ 11 ಪಂದ್ಯಗಳಲ್ಲಿ ಗೋಲು ಬಿಡದೆ ಸತತ ಎರಡನೆಯ ವರ್ಷ ಗೋಲ್ಡನ್ ಗ್ಲೋವ್ ಪಡೆದರು. ಕ್ಲಬ್ಬಿನ ಸೂಪರ್ ಲೀಗ್ ಚರಿತ್ರೆಯಲ್ಲೇ ಅತಿ ಬಿಗಿಯಾದ ರಕ್ಷಣೆ ಅದು. ಆ ವರ್ಷ ಫೈನಲ್ಲಿಗೂ ಹೋಗಲಿಲ್ಲ. ಆಮೇಲಿನ ವರ್ಷಗಳಲ್ಲಿ 20 ಪಂದ್ಯಕ್ಕೆ 28, 27, 23. 2023–24ರಲ್ಲಿ 22 ಪಂದ್ಯಕ್ಕೆ 34, ಹನ್ನೆರಡು ತಂಡಗಳಲ್ಲಿ ಹತ್ತನೆಯ ಸ್ಥಾನ. ಮುಂಬೈ ವಿರುದ್ಧ ತವರಿನಲ್ಲಿ 0–4 ಆದ ಬೆನ್ನಿಗೆ ಕೋಚ್ ಸೈಮನ್ ಗ್ರೇಸನ್ ಕೆಲಸವೂ ಹೋಯಿತು. ಮತ್ತೆ 31 ಗೋಲು ಬಿಟ್ಟ 2024–25ರಲ್ಲಿ ಫೈನಲ್.

2019–20ರ ಆ 13 ಗೋಲಿನ ತಂಡದ ಮುಂದೆ ಸ್ವಲ್ಪ ನಿಲ್ಲಬೇಕು. ಹುವಾನನ್, ಆಲ್ಬರ್ಟ್ ಸೆರಾನ್ ಎಂಬ ಸ್ಪೇನಿನ ಜೋಡಿ, ಅವರ ಜೊತೆ ಭೇಕೆ, ನಿಶು ಕುಮಾರ್. ಮುಂದೆ ಗೋಡೆಯ ಹಾಗೆ ಎರಿಕ್ ಪಾರ್ಟಾಲು, ಚೆಂಡು ಕಳೆಯದ ಡಿಮಾಸ್ ಡೆಲ್ಗಾಡೊ. ಕೋಚ್ ಕಾರ್ಲೆಸ್ ಕ್ವಾಡ್ರಾಟ್. ಗೋಲು ಹೊಡೆಯುತ್ತಿದ್ದ ಮಿಕು ಅಷ್ಟರಲ್ಲಿ ಬಿಟ್ಟು ಹೋಗಿದ್ದ. ಹೊಡೆದ ಗೋಲು 29ರಿಂದ 22ಕ್ಕೆ ಇಳಿಯಿತು. ನನ್ನ ಎಣಿಕೆಯಲ್ಲಿ ಆ 13 ಪೂರ್ತಿ ರಕ್ಷಕರ ಗಳಿಕೆಯಲ್ಲ. ಗೋಲು ಹೊಡೆಯುವ ಕಸುವು ಕಡಿಮೆ ಎಂದು ತಿಳಿದ ತಂಡ ಆಟವನ್ನೇ ನಿಧಾನ ಮಾಡಿತು. ಎರಡೂ ಕಡೆ ಗೋಲು ಕಡಿಮೆಯಾದವು. ಇಂಥ ರಕ್ಷಣೆಗೆ ಉಳಿತಾಯ ಇರುವುದಿಲ್ಲ. ಎಟಿಕೆ ವಿರುದ್ಧ ಸೆಮಿಫೈನಲಿನ ಮೊದಲ ಪಂದ್ಯ ತವರಿನಲ್ಲಿ 1–0 ಗೆಲುವು. 2020ರ ಮಾರ್ಚ್ 8ರಂದು ಕೋಲ್ಕತ್ತಾದಲ್ಲಿ ಐದನೆಯ ನಿಮಿಷಕ್ಕೇ ಬೆಂಗಳೂರಿನ ಆಶಿಕ್ ಗೋಲು ಹೊಡೆದು ಒಟ್ಟು 2–0 ಆಯಿತು. ಹದಿನೆಂಟು ಪಂದ್ಯಕ್ಕೆ ಹದಿಮೂರು ಬಿಟ್ಟ ತಂಡ ಉಳಿದ ಎಂಬತ್ತೈದು ನಿಮಿಷಗಳಲ್ಲಿ ಎಟಿಕೆಗೆ ಮೂರು ಬಿಟ್ಟುಕೊಟ್ಟಿತು. ರಾಯ್ ಕೃಷ್ಣ ಒಂದು, ಡೇವಿಡ್ ವಿಲಿಯಮ್ಸ್ ಎರಡು. ಆ ಎರಡರಲ್ಲಿ ಒಂದು ಪೆನಾಲ್ಟಿ.

ಪೆನಾಲ್ಟಿ ಎಂದಾಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಬೆಂಗಳೂರು ಸೋತ ಮೂರು ಸೂಪರ್ ಲೀಗ್ ಫೈನಲ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

2018ರ ಮಾರ್ಚ್ 17, ಕಂಠೀರವ. ಚೆನ್ನೈಯಿನ್ ವಿರುದ್ಧ ಒಂಬತ್ತನೆಯ ನಿಮಿಷಕ್ಕೆ ಚೆಟ್ರಿ ಗೋಲು. ಕ್ರೀಡಾಂಗಣ ಹುಚ್ಚೆದ್ದಿತ್ತು. ಹದಿನೇಳನೆಯ ನಿಮಿಷಕ್ಕೆ ಕಾರ್ನರ್, ಮೈಲ್ಸನ್ ಆಲ್ವೆಸ್ ತಲೆಯಿಂದ ಗೋಲು. ವಿರಾಮಕ್ಕೆ ಮುಂಚೆ ಮತ್ತೆ ಕಾರ್ನರ್, ಮತ್ತೆ ಅದೇ ಆಲ್ವೆಸ್, ಮತ್ತೆ ತಲೆಯಿಂದಲೇ. ವಿರಾಮದ ನಂತರ ರಾಫೆಲ್ ಅಗಸ್ಟೊ ಮೂರನೆಯದು ಹೊಡೆದ. 2–3.

2023ರ ಮಾರ್ಚ್ 18, ಫತೋರ್ಡಾ. ಎಟಿಕೆ ಮೋಹನ್ ಬಗಾನ್ ವಿರುದ್ಧ 2–2, ಆಮೇಲೆ ಶೂಟೌಟಿನಲ್ಲಿ ಸೋಲು. ಬಿಟ್ಟ ಎರಡೂ ಗೋಲು ದಿಮಿತ್ರಿ ಪೆತ್ರಾತೊಸ್ ಹೊಡೆದ ಪೆನಾಲ್ಟಿಗಳು. ಮೊದಲನೆಯದು ಬಂದದ್ದು ಕಾರ್ನರ್ ತಡೆಯಲು ಹಿಂದೆ ಬಂದಿದ್ದ, ಅಷ್ಟರಲ್ಲಿ ಬೆಂಗಳೂರಿನ ಸ್ಟ್ರೈಕರ್ ಆಗಿದ್ದ ರಾಯ್ ಕೃಷ್ಣನ ಕೈಗೆ ಚೆಂಡು ತಗುಲಿ. ಎರಡನೆಯದು 85ನೆಯ ನಿಮಿಷಕ್ಕೆ, ತಂಡ ಮುಂದಿದ್ದಾಗ, ಮಿಡ್‌ಫೀಲ್ಡರ್ ಪಾಬ್ಲೊ ಪೆರೆಸ್ ಕಾಲು ಹಾಕಿದ್ದರಿಂದ.

2025ರ ಏಪ್ರಿಲ್ 12, ಕೋಲ್ಕತ್ತಾದ ಸಾಲ್ಟ್ ಲೇಕ್. ಮೋಹನ್ ಬಗಾನಿನ ರಕ್ಷಕನೇ ಸ್ವಂತ ಬಲೆಗೆ ಚೆಂಡು ತಳ್ಳಿ ಬೆಂಗಳೂರಿಗೆ 1–0. 72ನೆಯ ನಿಮಿಷಕ್ಕೆ ಪೆಟ್ಟಿಗೆಯೊಳಗೆ ಚಿಂಗ್ಲೆನ್‌ಸನಾ ಕೈಗೆ ಚೆಂಡು ಬಡಿದು ಪೆನಾಲ್ಟಿ, ಜೇಸನ್ ಕಮಿಂಗ್ಸ್ ಗೋಲು. ಹೆಚ್ಚುವರಿ ಅವಧಿಯಲ್ಲಿ ಜೇಮಿ ಮೆಕ್ಲಾರೆನ್ ಎರಡನೆಯದು. 1–2.

ಮೂರು ಫೈನಲ್, ಏಳು ಗೋಲು. ಅವುಗಳಲ್ಲಿ ಐದು ನಿಂತ ಚೆಂಡಿನವು: ಎರಡು ಕಾರ್ನರ್, ಮೂರು ಪೆನಾಲ್ಟಿ. ಓಡುವ ಚೆಂಡಿನಿಂದ ಬಂದದ್ದು ಎರಡೇ. ಮೂರೂ ಫೈನಲ್‌ಗಳಲ್ಲಿ ಒಂದಲ್ಲ ಒಂದು ಗಳಿಗೆ ಬೆಂಗಳೂರು ಮುಂದಿತ್ತು ಎಂಬುದನ್ನೂ ಸೇರಿಸಿಕೊಳ್ಳಿ. ಎದುರಾಳಿ ಸುಂದರವಾಗಿ ಪಾಸ್ ಆಡಿ, ಸಾಲು ಒಡೆದು, ರಕ್ಷಣೆಯನ್ನು ಹರಿದು ಹಾಕಿದ ಫೈನಲ್ ಇವುಗಳಲ್ಲಿಲ್ಲ. ಪೆನಾಲ್ಟಿಗೆ ಮುಂಚೆ ಆಟ ಓಡುತ್ತಲೇ ಇರುತ್ತದೆ, ಅದನ್ನೂ ಕಾರ್ನರಿನ ಜೊತೆ ಎಣಿಸುವುದು ಸರಿಯೇ ಎಂದು ಆಕ್ಷೇಪಿಸಬಹುದು. ಆಕ್ಷೇಪ ಸರಿಯೇ. ಆದರೆ ಆ ಮೂರು ಪೆನಾಲ್ಟಿಗಳಲ್ಲಿ ರಕ್ಷಣೆಯ ಸಾಲು ಮುರಿದಿರಲಿಲ್ಲ, ಜನ ಇದ್ದಲ್ಲೇ ಇದ್ದರು. ಇದ್ದವರ ಕೈ ಎಲ್ಲಿತ್ತು, ಕಾಲು ಎಲ್ಲಿಗೆ ಹೋಯಿತು ಎಂಬುದು ತಪ್ಪಿತು. ಅದರಲ್ಲೂ 2023ರ ಎರಡು ತಪ್ಪುಗಳು ರಕ್ಷಕರವೇ ಅಲ್ಲ, ಒಂದು ಸ್ಟ್ರೈಕರನದು, ಇನ್ನೊಂದು ಮಿಡ್‌ಫೀಲ್ಡರನದು. ಆ ವರ್ಷ ಲೀಗಿನ ಕೊನೆಯ ಎಂಟು ಪಂದ್ಯ ಸತತವಾಗಿ ಗೆದ್ದು ಬಂದಿದ್ದ, ಸಂದೇಶ್ ಝಿಂಗನ್ ಮುಂದಾಳಾಗಿದ್ದ ರಕ್ಷಣಾ ಸಾಲಿಗೆ ಆ ಸೋಲಿನ ಹೊಣೆ ಹೊರಿಸಿದವರನ್ನು ನಾನು ಕಂಡಿದ್ದೇನೆ, ಒಪ್ಪಿಲ್ಲ.

ಗೆದ್ದ ಫೈನಲ್ ಈ ಮಾತಿನ ಮಗ್ಗುಲು ಬದಲಿಸಿ ತೋರಿಸುತ್ತದೆ. 2019ರ ಮಾರ್ಚ್ 17, ಮುಂಬೈ, ಗೋವಾ ವಿರುದ್ಧ 0–0 ಎಳೆದು ಎಳೆದು 117ನೆಯ ನಿಮಿಷಕ್ಕೆ ಡಿಮಾಸ್ ಕಾರ್ನರ್ ಎತ್ತಿದ, ರಕ್ಷಕ ಭೇಕೆ ತಲೆ ಕೊಟ್ಟ. ಅದೊಂದೇ ಗೋಲು. ಕ್ವಾಡ್ರಾಟ್ ಕಾಲದಲ್ಲಿ ನಿಂತ ಚೆಂಡು ಬೆಂಗಳೂರಿನ ಆಯುಧವಾಗಿತ್ತು. ಮೋಹನ್ ಬಗಾನ್ 2024–25ರಲ್ಲಿ ಮಾಡಿದ್ದೂ ಅದನ್ನೇ: ನಾಯಕ ಶುಭಾಶಿಷ್ ಬೋಸ್ ಎಡಬದಿಯ ರಕ್ಷಕನಾಗಿದ್ದುಕೊಂಡೇ ಆರು ಗೋಲು ಹೊಡೆದ. ಈ ಬೋಸ್ 2017–18ರಲ್ಲಿ ಬೆಂಗಳೂರಿಗೆ ಆಡುತ್ತಿದ್ದವನು ಎಂದು ನೆನಪಿಸಿಕೊಂಡರೆ ಹೊಟ್ಟೆಯಲ್ಲಿ ಮತ್ತೆ ಖಾರ.

ನಿಂತ ಚೆಂಡಿನ ಮುಂದೆ ಮೈಮರೆತರೆ ಏನಾಗುತ್ತದೆ ಎಂಬುದಕ್ಕೆ ದೇಶದ ಅತಿ ಪ್ರಸಿದ್ಧ ಉದಾಹರಣೆಯೂ ಕಂಠೀರವದ್ದೇ. ಅಲ್ಲಿ ಮೈಮರೆತವರು ಎದುರಾಳಿಗಳು. 2023ರ ಮಾರ್ಚ್ 3ರ ಪ್ಲೇಆಫ್, ಹೆಚ್ಚುವರಿ ಅವಧಿ. ಕೇರಳದ ಗೋಲ್‌ಕೀಪರ್ ಗೋಡೆ ಕಟ್ಟಿಸುತ್ತಿದ್ದಾಗಲೇ ಚೆಟ್ರಿ ಫ್ರೀಕಿಕ್ ತೇಲಿಸಿಬಿಟ್ಟ. ರೆಫರಿ ಗೋಲು ಕೊಟ್ಟ. ಕೋಚ್ ವುಕೊಮಾನೊವಿಚ್ ತಂಡವನ್ನೇ ಕರೆದುಕೊಂಡು ಹೊರನಡೆದರು. ನ್ಯಾಯ ಯಾರದು ಎಂಬ ಜಗಳ ಇನ್ನೂ ಆರಿಲ್ಲ. ರಕ್ಷಣೆಯ ಲೆಕ್ಕದಲ್ಲಂತೂ ಚೆಂಡಿನ ಮುಂದೆ ಒಬ್ಬನೂ ನಿಲ್ಲದಿದ್ದದ್ದು ಕೇರಳದ ತಪ್ಪೇ.

ಗೋಲ್‌ಕೀಪರನನ್ನು ರಕ್ಷಣೆಯ ಲೆಕ್ಕದಿಂದ ಬೇರೆ ಮಾಡುವುದು ಹೇಗೆ ಎಂಬುದು ಇನ್ನೊಂದು ಕಗ್ಗಂಟು. ಬೆಂಗಳೂರು ಅಭಿಮಾನಿಗಳು ಗುರುಪ್ರೀತ್ ವಿಷಯದಲ್ಲಿ ಎರಡು ಪಕ್ಷ. 13 ಗೋಲಿನ ವರ್ಷ ಅವರೇ ದೇವರು, 34ರ ವರ್ಷ ಅವರೇ ಅಪರಾಧಿ. ಒಬ್ಬ ಕೀಪರ್ ಎಷ್ಟು ಬೆಲೆ ಬಾಳುತ್ತಾನೆ ಎಂಬುದು ಅವನಿಲ್ಲದ ದಿನ ಗೊತ್ತಾಗುವುದುಂಟು. 2016ರ ನವೆಂಬರ್ 5ರಂದು ದೋಹಾದಲ್ಲಿ ಬೆಂಗಳೂರಿಗೆ ಎಎಫ್‌ಸಿ ಕಪ್ ಫೈನಲ್ – ಭಾರತದ ಯಾವ ಕ್ಲಬ್ಬೂ ಅಲ್ಲಿವರೆಗೆ ತಲುಪಿರಲಿಲ್ಲ. ಅಮಾನತಿನಿಂದಾಗಿ ಕೀಪರ್ ಅಮರಿಂದರ್ ಸಿಂಗ್ ಆಡುವ ಹಾಗಿರಲಿಲ್ಲ, ಅವರ ಜಾಗದಲ್ಲಿ ರಾಲ್ಟೆ ನಿಂತರು. ಇರಾಕಿನ ವಾಯುಪಡೆ ತಂಡಕ್ಕೆ 0–1. ಅಮರಿಂದರ್ ಇದ್ದಿದ್ದರೆ ಎಂಬ ಮಾತು ಆಗ ಎಲ್ಲ ಕಡೆ ಕೇಳಿತು. ಜಾನ್ ಜಾನ್ಸನ್, ಹುವಾನನ್ ಸಾಲು ಆ ರಾತ್ರಿ ಎಷ್ಟು ದುಡಿಯಿತು ಎಂಬುದನ್ನು ಮಾತ್ರ ಯಾರೂ ಆಡಲಿಲ್ಲ. ಸೊನ್ನೆಗೆ ಕಾಲಮ್ ಇಲ್ಲ ಎಂದೆನಲ್ಲ.

ಜಾನ್ಸನ್ ಹೆಸರು ಬಂದದ್ದರಿಂದ ಒಂದು ಮಾತು. 2013ರಲ್ಲಿ ಕ್ಲಬ್ ಹುಟ್ಟಿದಾಗ ಕೋಚ್ ಆಶ್ಲಿ ವೆಸ್ಟ್‌ವುಡ್ ಸ್ವತಃ ಇಂಗ್ಲೆಂಡಿನಲ್ಲಿ ರಕ್ಷಕನಾಗಿ ಆಡಿದವರು. ಮೊದಲು ಊರಿದ್ದೇ ಹಿಂದಿನ ಕಂಬಗಳನ್ನು: ಇಂಗ್ಲೆಂಡಿನ ಜಾನ್ಸನ್, ಕೆನ್ಯಾದ ಕರ್ಟಿಸ್ ಒಸಾನೊ. ಮೊದಲ ವರ್ಷವೇ ಐ-ಲೀಗ್ ಪ್ರಶಸ್ತಿ ಬಂತು. ಜಾನ್ಸನ್ ಐದು ವರ್ಷ ಉಳಿದ. ಆಮೇಲೆ ಅಷ್ಟು ಕಾಲ ನಿಂತ ವಿದೇಶಿ ರಕ್ಷಕ ಹುವಾನನ್ ಬಿಟ್ಟರೆ ಇನ್ನೊಬ್ಬ ನೆನಪಾಗುವುದಿಲ್ಲ. ಆಲನ್ ಕೋಸ್ಟಾ, ಮುಸಾವು-ಕಿಂಗ್, ದಮ್ಯಾನೊವಿಚ್ ಬಂದರು, ಹೋದರು. ಕಬಡ್ಡಿಯಲ್ಲಿ ಕಾರ್ನರಿನವನಿಗೂ ಕವರಿನವನಿಗೂ ಕಣ್ಸನ್ನೆ ಕೂಡಲು ಎರಡು ಹಂಗಾಮು ಬೇಕು ಎಂದು ಮಾಸ್ತರರು ಹೇಳುತ್ತಾರೆ. 2025ರ ಆಗಸ್ಟಿನಲ್ಲಿ, ಲೀಗ್ ನಡೆಯುತ್ತದೋ ಇಲ್ಲವೋ ಎಂಬ ಗೊಂದಲದ ನಡುವೆ, ಬೆಂಗಳೂರು ಕ್ಲಬ್ ಮೊದಲ ತಂಡದ ಸಂಬಳವನ್ನೇ ತಡೆಹಿಡಿಯಿತು. ಅಂಥ ಕಾಲದಲ್ಲಿ ಕಣ್ಸನ್ನೆಯ ಮಾತು ಎತ್ತುವುದು ತುಸು ದುಬಾರಿಯೇ.

ಹಾಗಾದರೆ ಋತುವಿನ ನಡುವೆ ಏನನ್ನು ನೋಡಬೇಕು? ನನಗೆ ತಿಳಿದ ಮಟ್ಟಿಗೆ, ಎಷ್ಟು ಗೋಲು ಎಂಬುದಕ್ಕಿಂತ ಎಂಥ ಗೋಲು ಎಂಬುದನ್ನು. ಮುಂದಿದ್ದಾಗ ಬಿಟ್ಟದ್ದೋ, ಹಿಂದಿದ್ದಾಗ ಬಿಟ್ಟದ್ದೋ. ಓಡುವ ಚೆಂಡೋ, ನಿಂತ ಚೆಂಡೋ. 2024ರ ಅಕ್ಟೋಬರಿನಲ್ಲಿ ಆರು ಪಂದ್ಯಕ್ಕೆ ಒಂದೇ ಗೋಲು ಎಂದು ನಾನು ಬಸ್ಸಿನಲ್ಲಿ ಹಿಗ್ಗಿದೆ. ಆ ಒಂದು ಪೆನಾಲ್ಟಿ ಎಂಬುದು ಕಣ್ಣೆದುರೇ ಇತ್ತು. 2018ರಿಂದಲೂ ಈ ತಂಡದ ಬದು ಒಡೆಯುತ್ತ ಬಂದ ಜಾಗ ಅದು. ನಾನು ಒಂದು ಎಂಬ ಅಂಕೆಯನ್ನು ನೋಡಿದೆ, ಜಾಗ ನೋಡಲಿಲ್ಲ.

ಫೆಬ್ರವರಿಯ ಮೂರು ಸೊನ್ನೆ ಪಂದ್ಯ, ಮಾರ್ಚ್ 29ರ ಪ್ಲೇಆಫಿನಲ್ಲಿ ಮುಂಬೈಯನ್ನು 5–0ರಿಂದ ಸದೆಬಡಿದದ್ದು, ಸೆಮಿಫೈನಲಿನಲ್ಲಿ ಗೋವಾ ವಿರುದ್ಧ ತವರಿನಲ್ಲಿ 2–0 – ಇವೆಲ್ಲ ಸೇರಿ ರಕ್ಷಣೆ ರಿಪೇರಿಯಾಗಿದೆ ಎಂದು ನನಗೆ ಮತ್ತೆ ಅನಿಸಿತ್ತು. ಫತೋರ್ಡಾದ ಎರಡನೆಯ ಸೆಮಿಫೈನಲಿನಲ್ಲಿ ಗೋವಾ ಎರಡು ಹೊಡೆದು ಒಟ್ಟು 2–2 ಮಾಡಿದಾಗ ಎದೆ ಹಾರಿತು. ಕೊನೆಗಳಿಗೆಯಲ್ಲಿ ಚೆಟ್ರಿಯ ತಲೆ ಕಾಪಾಡಿತು. ಹದಿನಾಲ್ಕು ಪಂದ್ಯ ಸೋರಿದ ಬದು ಒಂದು ತಿಂಗಳಲ್ಲಿ ಹೊಸದಾಗುವುದಿಲ್ಲ, ಮಣ್ಣು ಮೆತ್ತಿರುತ್ತಾರೆ ಅಷ್ಟೇ ಎಂದು ಈಗ ಹೇಳುವುದು ಸುಲಭ. ಆಗ ನಾನು ಹೇಳಿರಲಿಲ್ಲ.

ಫೈನಲ್ ನೋಡಿದ್ದು ಮಾಸ್ತರರ ಪಡಸಾಲೆಯಲ್ಲಿ. ಸೋತ ಮೇಲೆ ಹುಡುಗರು ಒಬ್ಬೊಬ್ಬರೇ ಎದ್ದು ಹೋದರು. ಮಾಸ್ತರರು ನನ್ನ ಮೊಬೈಲ್ ಕೇಳಿ ಪೆನಾಲ್ಟಿಯ ತುಣುಕು ಹಾಕಿಸಿದರು. ಚೆಂಡು ಕೈಗೆ ಬಡಿದದ್ದನ್ನು ಒಂದೇ ಸಲ ನೋಡಿದರು.

‘ಇದು ಬ್ಯಾಡ, ಇನ್ನೂ ಹಿಂದಕ ಒಯ್ಯಿ.’

ಹಿಂದಕ್ಕೆ ಒಯ್ದೆ.

‘ಇನ್ನೂ ಹಿಂದಕ. ಚೆಂಡು ನಮ್ಮವರ ಕಾಲಾಗ ಇತ್ತಲ್ಲ, ಅಲ್ಲಿ ತನಕ.’

ತುಣುಕು ಅಷ್ಟು ಹಿಂದಿನಿಂದ ಶುರುವಾಗಿರಲಿಲ್ಲ.